ಬಾವುಟದ ದಿನದ ಚಾಕರಿ

ಆ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಜನವರಿಯ ಮಂಜು. ಗುಡ್ಡದ ಗೇರು ಮರಗಳು ಹೂ ಬಿಟ್ಟಿದ್ದವು. ಆ ಹೂವು ಕರಟಿಹೋಗುವಷ್ಟು ತಣ್ಣಗಿತ್ತು ಗಾಳಿ. ಕಾಲೊನಿಯ ಗುಡಿಸಲುಗಳಿಂದ ಎದ್ದ ಹೊಗೆ ಮೇಲೆ ಹೋಗಲಾರದೆ ಮುಳಿಹುಲ್ಲಿನ ಮಾಡಿನ ಮೇಲೆಯೇ ಕುಳಿತಿತ್ತು. ಎದುರಿನಿಂದ ಬರುವವರು ಕಾಣುತ್ತಿರಲಿಲ್ಲ. ಅವರ ಕೆಮ್ಮು ಮಾತ್ರ ಕೇಳುತ್ತಿತ್ತು.

ದುಗ್ಗಮ್ಮ ತೋಡಿಗೆ ಇಳಿದಳು. ನೀರು ಮೊಣಕಾಲಿಗೆ ತಾಗಿದಾಗ ಹಲ್ಲು ಕಚ್ಚಿದಳು. ಮುಳುಗಿ ಎದ್ದಳು. ಒದ್ದೆ ತಲೆಯಲ್ಲೇ ಪೂರ್ವಕ್ಕೆ ತಿರುಗಿ ಕೈ ಮುಗಿದಳು. ಸೂರ್ಯ ಇರಲಿಲ್ಲ. ಇರಬೇಕಾದ ಕಡೆಗೆ ಮುಗಿದಳು.

ಗಂಜಿ ಕುಡಿಯಲಿಲ್ಲ. ಅಂದು ಕುಡಿಯುವಂತಿಲ್ಲ. ಒಗೆದು ಮಡಿಸಿಟ್ಟಿದ್ದ ಸೀರೆ ಉಟ್ಟು, ಗುಡಿಸಲಿನ ಬಾಗಿಲಿಗೆ ಹಗ್ಗ ಕಟ್ಟಿ ಹೊರಟಳು. ಅಂದು ದೇಶದ ಚಾಕರಿ. ಬಾವುಟ ಏರುವ ದಿನ.

ದೈವಕ್ಕೆ ಚಾಕರಿ ಕೊಡುವುದು ಆ ಊರಿನವರಿಗೆ ಹುಟ್ಟಿನಿಂದ ಬಂದದ್ದು. ದೈವ ಕುಣಿಯುವ ನೇಮ ಹತ್ತಿರವಾಯಿತು ಎಂದರೆ ಮನೆಗೊಬ್ಬರು ಹೋಗಬೇಕು. ಅಂಗಳ ಕೆತ್ತಬೇಕು, ತೆಂಗಿನ ಮಡಲು ಹೆಣೆಯಬೇಕು, ಸೌದೆ ಹೊರಬೇಕು. ಅದಕ್ಕೆ ಕೂಲಿ ಇಲ್ಲ. ಕೇಳುವ ಮನಸ್ಸೂ ಯಾರಿಗೂ ಬರುವುದಿಲ್ಲ. ಮಿಂದು ಹೋಗಬೇಕು, ಬರಿಹೊಟ್ಟೆಯಲ್ಲಿ ಹೋಗಬೇಕು. ಮುಟ್ಟಾದವರು ಹೋಗಬಾರದು. ದುಗ್ಗಮ್ಮ ಮುಗೇರರವಳು. ಗ್ರಾಮದೈವದ ಗುಡಿಯ ಒಳಗೆ ಅವಳಿಗೆ ಜಾಗವಿಲ್ಲ. ಅಂಗಳದ ಅಂಚಿನವರೆಗೆ ಮಾತ್ರ. ಆದರೂ ತಾನು ಸುರಿಸಿದ ಬೆವರು ಒಳಗೆ ಹೋಗುತ್ತದೆ ಎಂದು ಅವಳು ನಂಬಿದ್ದಳು. ಬೆವರನ್ನು ಯಾರು ತಡೆದು ನಿಲ್ಲಿಸುತ್ತಾರೆ?

ದೇಶಕ್ಕೂ ಹಾಗೆಯೇ ಚಾಕರಿ ಕೊಡಲಿಕ್ಕೆ ಉಂಟು ಎಂದು ಹೇಳಿದವಳು ತಿಮ್ಮಕ್ಕ.

ಪುತ್ತೂರು ಪೇಟೆ ದಾಟಿ ಬೆಟ್ಟಂಪಾಡಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆ ಇತ್ತು. ತಿಮ್ಮಕ್ಕ ಅಲ್ಲಿ ಹೆಂಗಸರ ಮೇಸ್ತ್ರಿ. ಗೌಡರ ಪೈಕಿ. ಎಳೆಯ ಪ್ರಾಯದಲ್ಲೇ ಗಂಡ ತೀರಿಕೊಂಡ ಹೆಂಗಸು. ಮೊದಲು ಅವಳೂ ಬೀಜ ಗುದ್ದುತ್ತಿದ್ದವಳೇ. ಅವಳ ಬೆರಳ ತುದಿಗಳೂ ಉಳಿದವರ ಹಾಗೆ ಸುಟ್ಟು ಕರಿಯಾಗಿದ್ದವು. ಅದಕ್ಕೇ ಅವಳ ಮಾತಿಗೆ ತೂಕ. ನಮ್ಮ ಕಷ್ಟ ಕಂಡವಳು ನಮಗೆ ಸುಳ್ಳು ಹೇಳುತ್ತಾಳೆಯೇ ಎಂದು ಹೆಂಗಸರು ತಿಳಿದಿದ್ದರು.

ಕೆಲಸ ಹೀಗೆ. ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಗುದ್ದಬೇಕು. ಮೆಲ್ಲಗೆ ಗುದ್ದಿದರೆ ಸಿಪ್ಪೆ ಒಡೆಯುವುದಿಲ್ಲ. ಜೋರಾಗಿ ಗುದ್ದಿದರೆ ತಿರುಳು ಹೋಳಾಗುತ್ತದೆ. ಹೋಳಾದರೆ ಬೈಗುಳ. ಸಿಪ್ಪೆಯಿಂದ ಸಿಡಿಯುವ ಎಣ್ಣೆ ಚರ್ಮವನ್ನು ಸುಡುತ್ತದೆ. ಕೈಗೆ ಬೂದಿ ಹಚ್ಚಿಕೊಂಡು ಕೂರಬೇಕು. ಬೂದಿ ಸಾಲುವುದಿಲ್ಲ. ಬೆರಳು ಸೀಳುತ್ತದೆ. ಅನ್ನ ಕಲಸಿದರೆ ಉರಿ. ಮಗುವಿನ ಕೆನ್ನೆ ಸವರಿದರೆ ಮಗು ಅಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕುಕ್ಕರುಗಾಲಿನಲ್ಲಿ ಕುಳಿತು ಎದ್ದು ನಿಂತಾಗ ಸೊಂಟ ತನ್ನದಲ್ಲ ಎನ್ನಿಸುತ್ತದೆ.

ಸಂಜೆ ಬಾಗಿಲಲ್ಲಿ ಝಡ್ತಿ. ಸೆರಗು ಒದರಬೇಕು. ತುರುಬು ಬಿಚ್ಚಬೇಕು. ಆಮೇಲೆ ಬಾಯಿ. "ಆ ಮಾಡು" ಎನ್ನುತ್ತಾಳೆ ತಿಮ್ಮಕ್ಕ. ನಾಲಗೆಯ ಅಡಿಗೆ ಬೆರಳು ಹಾಕುತ್ತಾಳೆ. ದವಡೆಯ ಸಂದಿಯಲ್ಲಿ ತಿರುವುತ್ತಾಳೆ. ಒಂದು ಚೂರು ತಿರುಳು ಸಿಕ್ಕಿದರೆ ಆ ವಾರದ ಕೆಲಸ ಹೋಯಿತು. ಒಬ್ಬಳ ಬಾಯಿಯಿಂದ ತೆಗೆದ ಬೆರಳನ್ನು ಸೀರೆಗೆ ಒರಸಿ ಇನ್ನೊಬ್ಬಳ ಬಾಯಿಗೆ. ಊರಿನಲ್ಲಿ ದುಗ್ಗಮ್ಮನ ಮೈ ತಾಗಿದರೆ ಮೀಯುವ ತಿಮ್ಮಕ್ಕ ಇಲ್ಲಿ ಅವಳ ಬಾಯಿಯೊಳಗೆ ಕೈ ಹಾಕುತ್ತಿದ್ದಳು. ಧಣಿಗಳ ತಿರುಳಿಗೆ ಮೈಲಿಗೆ ಇಲ್ಲ.

ಬಾವುಟದ ದಿನಗಳಲ್ಲಿ ಮಾತ್ರ ಕಾರ್ಖಾನೆಯ ಸೈರನ್ನು ಕೂಗುತ್ತಿರಲಿಲ್ಲ. ಮಳೆಗಾಲದಲ್ಲಿ ಅಂಥದೊಂದು ದಿನ, ಚಳಿಗಾಲದಲ್ಲಿ ಒಂದು. ಮುಂದಿನ ಗೇಟು ಮುಚ್ಚಿರುತ್ತಿತ್ತು. ಸಿಪ್ಪೆ ಹೊರಗೆ ಹಾಕುವ ಹಿಂದಿನ ಬಾಗಿಲಿನಿಂದ ಹೆಂಗಸರು ಒಳಗೆ ಬರಬೇಕು.

"ಚಾಕರಿಗೆ ಹೋಗುವವರು ಮೆರೀತಾ ಹೋಗುದಲ್ಲ," ಎಂದಿದ್ದಳು ತಿಮ್ಮಕ್ಕ, ಮೊದಲ ವರ್ಷ. "ತಲೆ ತಗ್ಗಿಸಿ ಹಿಂದಿನಿಂದ ಹೋಗುದು. ಇದು ದೇಶದ ನೇಮ. ಈ ಒಂದು ದಿನ ಕೂಲಿ ಇಲ್ಲ. ದೊಡ್ಡ ದೊಡ್ಡವರೂ ಇಂದು ದೇಶಕ್ಕೆ ಕೊಡ್ತಾರೆ."

"ದೇಶ ಎಲ್ಲಿ ಕೂತಿರುದು ತಿಮ್ಮಕ್ಕಾ?" ಎಂದು ಕೇಳಿದ್ದಳು ನೆಬೀಸ. ದುಗ್ಗಮ್ಮನ ಪಕ್ಕದ ಕಲ್ಲು ಅವಳದು. ಬ್ಯಾರಿಗಳ ಹೆಂಗಸು, ಬಾಯಿ ಸ್ವಲ್ಪ ಜೋರು. "ಪುತ್ತೂರಲ್ಲಿಯಾ, ಮಂಗಳೂರಲ್ಲಿಯಾ?"

"ದಿಲ್ಲಿಯಲ್ಲಿ."

"ಅಲ್ಲಿವರೆಗೆ ನಾವು ಗುದ್ದಿದ್ದು ಹೇಗೆ ಮುಟ್ಟುದು ಮಾರಾಯ್ರೆ?"

"ಧಣಿಗಳು ಮುಟ್ಟಿಸ್ತಾರೆ. ನೀನು ಗುದ್ದು."

ಎಲ್ಲರೂ ನಕ್ಕಿದ್ದರು. ನಕ್ಕರೂ ನಂಬಿದರು. ನೆಬೀಸ ಕೂಡ ನಂಬಿದಳು. ಪಳ್ಳಿಯ ಉರೂಸಿಗೆ ಅವಳ ಕೇರಿಯ ಹೆಂಗಸರು ಅಕ್ಕಿ ಹಸನು ಮಾಡಿ ಕೊಡುತ್ತಿದ್ದರು. ಅದಕ್ಕೂ ಕೂಲಿ ಇಲ್ಲ. ಅಂದಿನಿಂದ ಬಾವುಟದ ದಿನ ಬಂತೆಂದರೆ ಹೆಂಗಸರು ಮಿಂದು, ಒಗೆದ ಸೀರೆ ಉಟ್ಟು, ಉಪವಾಸ ಬರುತ್ತಿದ್ದರು. ಮುಟ್ಟಾದವರು ತಾವಾಗಿಯೇ ಮನೆಯಲ್ಲಿ ಉಳಿಯುತ್ತಿದ್ದರು. ಉಪವಾಸ ಇರಿ ಎಂದು ತಿಮ್ಮಕ್ಕ ಹೇಳಿರಲಿಲ್ಲ. ಮೀಯಿರಿ ಎಂದೂ ಹೇಳಿರಲಿಲ್ಲ. ಅದನ್ನೆಲ್ಲ ಅವರೇ ಸೇರಿಸಿದ್ದರು. ಕೊಡುವುದಾದರೆ ಶುದ್ಧವಾಗಿ ಕೊಡಬೇಕಲ್ಲ.

ಕಳೆದ ವರ್ಷ ಇದೇ ದಿನ ದುಗ್ಗಮ್ಮನ ತಾಯಿ ಬಾಗಿಗೆ ಉಸಿರು ಎಳೆಯತೊಡಗಿತ್ತು.

ಬೆಳಗಿನ ಜಾವ ದುಗ್ಗಮ್ಮ ತಾಯಿಯ ಕಾಲು ಮುಟ್ಟಿ ನೋಡಿದಳು. ತಣ್ಣಗಾಗಿತ್ತು. ಗಂಡ ಘಟ್ಟಕ್ಕೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅಕ್ಕಪಕ್ಕದವರು ಅವರವರ ಕೆಲಸಕ್ಕೆ ಹೋಗುವವರು. ಅವಳು ಕಾರ್ಖಾನೆಗೆ ಓಡಿದಳು. ಗುದ್ದಲಿಕ್ಕಲ್ಲ, ಕೇಳಲಿಕ್ಕೆ.

"ತಿಮ್ಮಕ್ಕಾ, ಇಂದು ಒಂದು ದಿನ ಬಿಡಿ. ಅಪ್ಪೆ ಸಂಜೆಯವರೆಗೆ ಇರುದಿಲ್ಲ."

ತಿಮ್ಮಕ್ಕ ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಒಮ್ಮೆ ಒಳಗೆ ನೋಡಿದಳು. ಚೀಲಗಳು ರಾಶಿ ಬಿದ್ದಿದ್ದವು. ಲಾರಿ ಮರುದಿನ ಬರುವುದಿತ್ತು.

"ಬೇರೆ ದಿನ ಆಗಿದ್ರೆ ಬಿಡ್ತಿದ್ದೆ ದುಗ್ಗು. ಇಂದು ಹೇಗೆ ಬಿಡುದು? ಚಾಕರಿಗೆ ಹೊರಟು ಬಾಗಿಲಿನಿಂದ ಹಿಂದೆ ಹೋದವರಿಗೆ ಎಂತ ಆಗ್ತದೆ, ನಿನಗೆ ನಾನು ಹೇಳ್ಬೇಕಾ? ನೀನು ಇಲ್ಲಿ ಕೊಡು. ಅಲ್ಲಿ ನಿನ್ನ ಅಪ್ಪೆಗೆ ಅದು ಸಲ್ತದೆ."

ದುಗ್ಗಮ್ಮ ಕುಳಿತಳು. ಒಂದೊಂದು ಬೀಜ ಗುದ್ದುವಾಗಲೂ ಮನಸ್ಸಿನಲ್ಲಿ ಬೇಡಿಕೊಂಡಳು. ಇದು ಅಪ್ಪೆಗೆ, ಇದು ಅಪ್ಪೆಗೆ. ಸಂಜೆ ಬಾಯಿ ತೆರೆದು ಝಡ್ತಿ ಕೊಟ್ಟಳು. ಓಡಿದಳು. ಗುಡಿಸಲಿನಲ್ಲಿ ತಾಯಿ ಚಾಪೆಯಿಂದ ಕೆಳಗೆ ಜಾರಿ, ನೀರಿನ ಮಡಕೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಬಾಯಿ ತೆರೆದೇ ಇತ್ತು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಪ್ರಾಣ ಯಾವಾಗ ಹೋಯಿತು ಎಂದು ಯಾರಿಗೂ ಗೊತ್ತಿಲ್ಲ.

ಸಾಯುವವರ ಬಾಯಿಗೆ ಮಕ್ಕಳ ಕೈಯ ನೀರು ಬೀಳಬೇಕು. ಅದು ಬೀಳಲಿಲ್ಲ. ಆದರೂ ದುಗ್ಗಮ್ಮ ಎದೆ ಬಡಿದುಕೊಳ್ಳಲಿಲ್ಲ. ನೀರಿಗೆ ಬದಲಾಗಿ ಒಂದು ದಿನದ ಚಾಕರಿ ಕೊಟ್ಟಿದ್ದೇನೆ, ಅದು ಎಲ್ಲೋ ಮುಟ್ಟಿದೆ, ಅಪ್ಪೆಗೆ ಸಂದಿದೆ. ಈ ಒಂದು ನಂಬಿಕೆಯನ್ನು ಹಿಡಿದುಕೊಂಡು ಅವಳು ಆ ವರ್ಷ ದಾಟಿದಳು. ಅವಳಲ್ಲಿ ಉಳಿದದ್ದು ಅದೊಂದೇ.

ಈ ವರ್ಷದ ಚಾಕರಿಯನ್ನೂ ತಾಯಿಯ ಹೆಸರಿನಲ್ಲೇ ಕೊಡುವುದೆಂದು ಅವಳು ಮಂಜಿನಲ್ಲಿ ನಡೆದು ಬಂದಿದ್ದಳು.

ಬಿಸಿಲು ಏರಿತು. ಹೆಂಗಸರು ಸಾಲಾಗಿ ಕುಳಿತು ಗುದ್ದುತ್ತಿದ್ದರು. ಆ ಹೊತ್ತಿಗೆ ಮುಂದಿನ ಗೇಟಿಗೆ ಒಬ್ಬ ಮನುಷ್ಯ ಬಂದ. ನೆಬೀಸಳ ಅಣ್ಣ ಆದಂ ಕುಂಞಿ. ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಪೆರ್ನಾಳ್ ಹಬ್ಬಕ್ಕೆಂದು ಊರಿಗೆ ಬಂದವನು ಮಧ್ಯಾಹ್ನದ ಬಸ್ಸಿಗೆ ಹಿಂದೆ ಹೋಗುವವನಿದ್ದ. ತಂಗಿಗೆ ಹೇಳಿ ಹೋಗೋಣ ಎಂದು ಬಂದಿದ್ದ. ಗೇಟಿನಲ್ಲಿ ಕಾವಲಿನ ಪೋಕರ್ ಬೀಡಿ ಸೇದುತ್ತಾ ಕುಳಿತಿದ್ದ.

"ನೆಬೀಸನನ್ನು ಒಮ್ಮೆ ಕರೀರಿ ಪೋಕರೇ."

"ಇಂದು ಕಾರ್ಖಾನೆ ಇಲ್ಲ. ರಜೆ. ಒಳಗೆ ಯಾರೂ ಇಲ್ಲ."

ಒಳಗಿನಿಂದ ಟಕ್ ಟಕ್ ಟಕ್ ಎಂದು ಕೇಳುತ್ತಿತ್ತು.

"ಮತ್ತೆ ಅದೆಂತ ಸದ್ದು?"

"ಇಲಿ."

"ಇಲಿ ಸಾಲಾಗಿ ಕೂತು ಬೀಜ ಗುದ್ದುದಾ ಮಾರಾಯ್ರೆ? ಕೈಗೆ ಹಚ್ಚಲಿಕ್ಕೆ ಬೂದಿಯೂ ಕೊಡ್ತೀರಾ ಅವಕ್ಕೆ?"

ಪೋಕರ್ ನಗಲಿಲ್ಲ. ಬೀಡಿಯನ್ನು ನೆಲಕ್ಕೆ ಒತ್ತಿದ. "ನನ್ನ ಹತ್ರ ಎಂತದೂ ಕೇಳ್ಬೇಡಿ. ಹಿಂದಿನಿಂದ ಹೋಗಿ. ನೀವು ಹೋದದ್ದು ನಾನು ನೋಡ್ಲಿಲ್ಲ."

ಆದಂ ಕುಂಞಿ ಗೋಡೆಯ ಸುತ್ತ ನಡೆದು ಸಿಪ್ಪೆಯ ಕರಿ ರಾಶಿಯನ್ನು ದಾಟಿ ಹಿಂದಿನ ಬಾಗಿಲಿಗೆ ಬಂದ. ನೆಬೀಸ ಕಂಡಳು. ಬೂದಿಯ ಕೈಯಲ್ಲೇ ಎದ್ದು ಬಂದಳು. ಅಣ್ಣನನ್ನು ಅವಳು ಕರೆಯುವುದು ಕಾಕಾ ಎಂದು.

"ಎಂತ ಕಾಕಾ, ಇಲ್ಲಿಗೆ? ಇಂದು ಮಾತಾಡ್ಲಿಕ್ಕಿಲ್ಲ. ಚಾಕರಿ ಉಂಟು."

"ಯಾರ ಚಾಕರಿ? ಒಳಗೆ ಇಲಿ ಮಾತ್ರ ಇರುದು ಅಂತ ಪೋಕರ್ ಹೇಳಿದ್ದು."

"ದೇಶದ್ದು."

ಅವನು ಜೋರಾಗಿ ನಕ್ಕ. ತಂಗಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. ಆಮೇಲೆ ಒಳಗೆ ನೋಡಿದ. ಒದ್ದೆ ತಲೆಗಳು. ಒಗೆದ ಸೀರೆಗಳು. ಯಾರ ಪಕ್ಕದಲ್ಲೂ ಗಂಜಿಯ ಪಾತ್ರೆ ಇರಲಿಲ್ಲ. ಅವನ ನಗು ನಿಂತಿತು.

"ಇದನ್ನು ನಿಮಗೆ ಹೇಳಿದ್ದು ಯಾರು?"

"ತಿಮ್ಮಕ್ಕ."

"ನೆಬೀಸ, ಇಂದು ರಜೆ. ಕಾರ್ಖಾನೆ ಮುಚ್ಚಲೇಬೇಕು, ಕಾನೂನು ಉಂಟು. ಕೆಲಸ ಮಾಡದಿದ್ದರೂ ಇಂದಿನ ಸಂಬಳ ಕೊಡ್ಬೇಕು. ಮಂಗಳೂರಲ್ಲಿ ನಮ್ಮವರೆಲ್ಲ ಈಗ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾರೆ."

ಹತ್ತಿರ ಇದ್ದವರ ಕೊಡತಿ ನಿಂತಿತು. ಮೂಲೆಯಿಂದ ಒಬ್ಬಳು ಕೂಗಿದಳು, "ರಜೆ ಶಾಲೆಯ ಮಕ್ಕಳಿಗೆ, ಕಚೇರಿಯವರಿಗೆ. ನಮಗೆಂತ ರಜೆ ಬ್ಯಾರಿಗಳೇ?"

"ನಿಮಗೂ ಉಂಟು. ಗುದ್ದುವವರಿಗೆ, ಹೊರುವವರಿಗೆ, ಎಲ್ಲರಿಗೂ ಉಂಟು."

"ದೇಶ ಕೇಳಿದ್ದಲ್ವಾ ಚಾಕರಿ?" ಇದು ದುಗ್ಗಮ್ಮ. ಅವಳು ಎದ್ದಿರಲಿಲ್ಲ. ಕಲ್ಲಿನ ಮೇಲೆ ಒಂದು ಬೀಜ ಇತ್ತು, ಕೊಡತಿ ಕೈಯಲ್ಲಿತ್ತು.

"ಇಲ್ಲ ದುಗ್ಗಮ್ಮ. ದೇಶ ಯಾವತ್ತೂ ಕೇಳ್ಲಿಲ್ಲ. ಇಂದು ಸುಮ್ಮನೆ ಕೂತ್ಕೊಳ್ಳಿ ಅಂತ ದೇಶ ಹೇಳಿದ್ದು."

ಸಾಲು ಸಾಲಾಗಿ ಸದ್ದು ನಿಂತಿತು. ಒಲೆಯ ಮೇಲಿನ ಡ್ರಮ್ಮಿನಲ್ಲಿ ಬೀಜ ಸಿಡಿಯುವುದು ಮಾತ್ರ ಕೇಳಿತು.

ಸದ್ದು ನಿಂತದ್ದು ಕೇಳಿ ತಿಮ್ಮಕ್ಕ ತಿರುಳಿನ ಕೋಣೆಯಿಂದ ಬಂದಳು. ಆದಂ ಕುಂಞಿಯನ್ನು ಕಂಡಳು. ಹೆಂಗಸರ ಮುಖ ಕಂಡಳು. ಅವಳಿಗೆ ಏನೂ ಹೇಳಬೇಕಾಗಲಿಲ್ಲ.

"ಕೈ ನಿಲ್ಲಿಸಿದ್ದು ಎಂತಕ್ಕೆ? ಗುದ್ದಿ, ಗುದ್ದಿ."

ಯಾರೂ ಗುದ್ದಲಿಲ್ಲ. ದುಗ್ಗಮ್ಮ ಎದ್ದಳು. ಬೂದಿಯ ಕೈಯನ್ನು ಒರಸಿಕೊಳ್ಳಲಿಲ್ಲ.

"ತಿಮ್ಮಕ್ಕಾ. ಇಂದು ರಜೆಯಾ?"

"ಅದೆಲ್ಲ ದೊಡ್ಡವರ ಮಾತು. ನಮಗೆ ಎಂತಕ್ಕೆ?"

"ಕಳೆದ ವರ್ಷವೂ ರಜೆಯಾ?"

ತಿಮ್ಮಕ್ಕ ನೆಲ ನೋಡಿದಳು.

"ನಾನು ನಿಮ್ಮ ಹತ್ರ ಬಂದು ಕೇಳುವಾಗ ನಿಮಗೆ ಗೊತ್ತಿತ್ತಾ?"

"ಲಾರಿ ಬರುದಿತ್ತು ದುಗ್ಗು. ಒಬ್ಬಳನ್ನು ಬಿಟ್ಟರೆ ಎಲ್ಲರೂ ಕೇಳ್ತಾರೆ ಅಂತ ಧಣಿಗಳು ಹೇಳಿದ್ರು. ನಾನೂ ಗಂಡ ಇಲ್ಲದವಳು. ನನಗೂ ಹೊಟ್ಟೆ ಉಂಟು."

"ಗೊತ್ತಿತ್ತಾ?"

"ಗೊತ್ತಿತ್ತು."

ದುಗ್ಗಮ್ಮ ತಾನು ನಿಂತ ನೆಲ ಗಟ್ಟಿ ಉಂಟೋ ಎಂದು ನೋಡುವವಳಂತೆ ಒಂದು ಹೆಜ್ಜೆ ಹಿಂದೆ ಇಟ್ಟಳು, ಅಷ್ಟೆ. ದೈವದ ಹೆಸರು ಹೇಳಿ ಹೆದರಿಸಿದ್ದರು. ಹೆದರಿಸದಿದ್ದರೂ ಅವಳು ಕೂರುತ್ತಿದ್ದಳೋ ಏನೋ. ಬೈದು ಕೂರಿಸಿದ್ದರೆ ಕೂರುತ್ತಿದ್ದಳು. ಕೆಲಸ ಹೋಗುತ್ತದೆ ಎಂದಿದ್ದರೆ ಕೂರುತ್ತಿದ್ದಳು. ಆಗ ಒಳಗೊಳಗೇ ಶಪಿಸಿಕೊಂಡಾದರೂ ಗುದ್ದುತ್ತಿದ್ದಳು. ಆದರೆ ಅವಳು ಭಕ್ತಿಯಿಂದ ಗುದ್ದಿದ್ದಳು. ತಾಯಿ ನೀರಿಗಾಗಿ ಮಡಕೆಯ ಕಡೆಗೆ ತೆವಳುತ್ತಿದ್ದ ಹೊತ್ತಿನಲ್ಲಿ ಅವಳು ಇಲ್ಲಿ ಮನಸ್ಸಿನಲ್ಲೇ ಕೈ ಮುಗಿದುಕೊಂಡು ಗುದ್ದಿದ್ದಳು. ಕೂಲಿ ಕದ್ದವರನ್ನು ಲೋಕ ಕಂಡಿದೆ. ಇದು ಕೂಲಿಯಲ್ಲ.

ಅಷ್ಟರಲ್ಲಿ ಮುಂದಿನ ಗೇಟಿನಲ್ಲಿ ಕಾರು ನಿಂತಿತು. ಧಣಿಗಳು ತಾಲೂಕು ಮೈದಾನದಲ್ಲಿ ಬಾವುಟ ಏರಿಸುವುದನ್ನು ನೋಡಿ ಬಂದಿದ್ದರು. ಬಿಳಿ ಅಂಗಿಯ ಎದೆಯಲ್ಲಿ ಗುಂಡುಸೂಜಿ ಚುಚ್ಚಿದ ಕಾಗದದ ಬಾವುಟ ಇತ್ತು.

"ಎಂತ ತಿಮ್ಮಕ್ಕ, ಸದ್ದೇ ಇಲ್ಲ? ಹಬ್ಬವಾ ಇವರಿಗೆ?"

"ಹಬ್ಬವೇ ಅಂತೆ ಧಣಿಗಳೇ," ಎಂದಳು ನೆಬೀಸ. "ನಮಗೆ ಗೊತ್ತಾದ್ದು ಈಗ."

ಧಣಿಗಳು ಆದಂ ಕುಂಞಿಯನ್ನು ಮೇಲಿನಿಂದ ಕೆಳಗೆ ನೋಡಿದರು. ವಿಷಯ ಅರ್ಥವಾಯಿತು. ಅವರು ಸಿಟ್ಟು ಮಾಡಲಿಲ್ಲ. ಮೈದಾನದ ಭಾಷಣ ಇನ್ನೂ ಕಿವಿಯಲ್ಲಿತ್ತು. ಅದೇ ದನಿಯಲ್ಲಿ ಹೇಳಿದರು.

"ನೋಡಿ, ಈ ತಿರುಳು ಅಮೆರಿಕಕ್ಕೆ ಹೋಗ್ತದೆ. ಅಲ್ಲಿಂದ ಡಾಲರು ಬರ್ತದೆ. ದೇಶಕ್ಕೆ ಗೋದಿ ಬರುದು ಅದರಿಂದ. ನೀವು ತಿನ್ನುದು ಅದನ್ನೇ. ಇದು ದೇಶಸೇವೆ ಅಲ್ಲದೆ ಮತ್ತೆಂತ? ಸುಳ್ಳು ಯಾರು ಹೇಳಿದ್ದು?"

"ಹಾಗಾದ್ರೆ ಮುಂದಿನ ಗೇಟು ತೆಗೆದೇ ಮಾಡಿಸಿ ಧಣಿಗಳೇ," ಎಂದಳು ನೆಬೀಸ. "ಸೈರನ್ನೂ ಕೂಗಿಸಿ. ಒಳ್ಳೆ ಕೆಲಸ ಮಾಡ್ಲಿಕ್ಕೆ ಸಿಪ್ಪೆಯ ಬಾಗಿಲು ಎಂತಕ್ಕೆ? ನಮ್ಮನ್ನು ಇಲಿ ಅಂತ ಹೇಳಿಸುದು ಎಂತಕ್ಕೆ?"

ಒಬ್ಬಿಬ್ಬರು ನಕ್ಕರು. ಆಗ ಧಣಿಗಳ ದನಿ ಬದಲಾಯಿತು.

"ಬಾಯಿ ಇರುವವರು ಹೊರಗೆ ಹೋಗಿ. ನಾಳೆಯಿಂದ ಬರುದು ಬೇಡ. ತಿಮ್ಮಕ್ಕ, ಝಡ್ತಿ ಮಾಡಿ ಬಿಡು. ಒಂದು ಚೂರು ತಿರುಳು ಹೊರಗೆ ಹೋಗಬಾರದು."

ದುಗ್ಗಮ್ಮ ಮೊದಲು ಬಂದು ನಿಂತಳು. ಸೆರಗು ಒದರಿದಳು. ತುರುಬು ಬಿಚ್ಚಿದಳು. ಬೆಳಗಿನ ಒದ್ದೆ ಇನ್ನೂ ಆರಿರಲಿಲ್ಲ. ತಿಮ್ಮಕ್ಕ ಕೈ ಎತ್ತಿದಳು.

"ಆ ಮಾಡು."

ದುಗ್ಗಮ್ಮ ತುಟಿ ಬಿಗಿದು ನಿಂತಳು.

"ದುಗ್ಗು, ಅವರು ನೋಡ್ತಾ ಇದ್ದಾರೆ. ಸುಮ್ಮನೆ ಒಮ್ಮೆ ತೆರೆ. ಮುಗಿಸುವ."

ತಿಮ್ಮಕ್ಕನ ಬೆರಳು ಅವಳ ತುಟಿಯ ಹತ್ತಿರ ಬಂತು. ದುಗ್ಗಮ್ಮ ಆ ಕೈಯನ್ನು ಹಿಡಿದಳು. ಮಣಿಕಟ್ಟಿನಲ್ಲಿ ಹಿಡಿದು ಮೆಲ್ಲಗೆ ಕೆಳಗೆ ಇಳಿಸಿದಳು. ಆಮೇಲೆ ಮಾತಾಡಿದಳು.

"ನನ್ನ ಅಪ್ಪೆ ಬಾಯಿ ತೆರೆದುಕೊಂಡೇ ಸತ್ತಳು ತಿಮ್ಮಕ್ಕ. ಆ ಬಾಯಿಗೆ ನೀರು ಬಿಡ್ಲಿಕ್ಕೆ ನೀವು ನನ್ನನ್ನು ಬಿಡ್ಲಿಲ್ಲ. ಈ ಬಾಯಿ ನಿಮಗೆ ಇನ್ನು ತೆರೆಯುದಿಲ್ಲ."

"ಪೊಲೀಸರನ್ನು ಕರೆಸ್ತೇನೆ," ಎಂದರು ಧಣಿಗಳು. "ಕದ್ದವಳೇ ಬಾಯಿ ಮುಚ್ಚುದು."

"ಕರೆಸಿ ಧಣಿಗಳೇ," ಎಂದ ಆದಂ ಕುಂಞಿ. "ಕಾರ್ಖಾನೆ ಮುಚ್ಚಿದೆ, ಒಳಗೆ ಯಾರೂ ಇಲ್ಲ ಅಂತ ನಿಮ್ಮ ಕಾವಲಿನವನೇ ಹೇಳಿದ್ದು. ಯಾರೂ ಇಲ್ಲದ ಕಡೆ ಕದ್ದದ್ದು ಯಾರು ಅಂತ ಪೊಲೀಸರೂ ಕೇಳ್ಲಿ."

ದುಗ್ಗಮ್ಮ ಹಿಂದಿನ ಬಾಗಿಲಿನ ಕಡೆಗೆ ತಿರುಗಲಿಲ್ಲ. ಹುರಿಯುವ ಕೋಣೆಯನ್ನು ದಾಟಿ, ಧಣಿಗಳ ಕಾರಿನ ಪಕ್ಕದಲ್ಲಿ ನಡೆದು ಮುಂದಿನ ಗೇಟಿಗೆ ಬಂದಳು. ಹಿಂದೆ ನೆಬೀಸ. ಅವಳ ಹಿಂದೆ ಇನ್ನು ಕೆಲವರು. ತಿಮ್ಮಕ್ಕ ಯಾರಿಗೂ ಬಾಯಿ ತೆರೆ ಎನ್ನಲಿಲ್ಲ. ಪೋಕರ್ ಎದ್ದು ಧಣಿಗಳ ಮುಖ ನೋಡಿದ, ದುಗ್ಗಮ್ಮನ ಮುಖ ನೋಡಿದ, ಗೇಟು ತೆಗೆದ.

ಎಲ್ಲರೂ ಬರಲಿಲ್ಲ. ರಸ್ತೆಗೆ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗಿನಿಂದ ಮತ್ತೆ ಟಕ್ ಟಕ್ ಎಂದು ಕೇಳಿತು. ಮೊದಲಿನಷ್ಟಿಲ್ಲ. ಅಲ್ಲೊಂದು ಇಲ್ಲೊಂದು. ಯಾರೂ ತಿರುಗಿ ನೋಡಲಿಲ್ಲ. ಒಳಗೆ ಕುಳಿತವರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ ಎಂದು ಹೊರಗೆ ಬಂದವರಿಗೆ ಗೊತ್ತಿತ್ತು.

ದಾರಿಯ ಬದಿಯಲ್ಲಿ ಹೂ ಬಿಟ್ಟ ಒಂದು ಗೇರು ಮರ. ಅದರ ಅಡಿಯಲ್ಲಿ ಹೆಂಗಸರು ಕುಳಿತರು. ಮನೆಗೆ ಹೋಗಬಹುದಿತ್ತು. ಆದರೆ ನಡುಹಗಲಿನಲ್ಲಿ ಮನೆಗೆ ಹೋಗಿ ಏನು ಮಾಡುವುದೆಂದು ಯಾರಿಗೂ ಹೊಳೆಯಲಿಲ್ಲ. ಒಬ್ಬಳು ಸೆರಗಿನಿಂದ ಬೂದಿ ಒರಸಿಕೊಂಡಳು. ಇನ್ನೊಬ್ಬಳು ಕಾಲು ಚಾಚಿ, ಯಾರಾದರೂ ನೋಡಿದರೋ ಎಂದು ಮತ್ತೆ ಮಡಚಿದಳು.

"ಚಾಚು ಮಾರಾಯ್ತಿ," ಎಂದಳು ನೆಬೀಸ. "ಮಂಗಳೂರಿನವರು ಚಾಚಿದ್ದಾರಂತೆ. ನಮ್ಮ ಕಾಲಿಗೆ ಎಂತ ಕೇಡು?"

ಕೆಡ್ಡಸದ ಹಬ್ಬ ಬಂದರೆ ಈ ಜನ ಭೂಮಿಗೆ ಹಾರೆ ತಾಗಿಸುವುದಿಲ್ಲ. ಹಸಿರು ಕಡಿಯುವುದಿಲ್ಲ. ಭೂಮಿತಾಯಿಗೆ ಬಿಡುವು ಬೇಕು ಎನ್ನುತ್ತಾರೆ. ಬೇಸಿಗೆಯ ಕೊನೆಯ ಪತ್ತನಾಜೆ ಕಳೆದರೆ ದೈವಗಳ ಗೆಜ್ಜೆಯನ್ನು ಬಿಚ್ಚಿ ಒಳಗೆ ಇಡುತ್ತಾರೆ. ಮಳೆಗಾಲ ಮುಗಿಯುವವರೆಗೆ ಅವೂ ಕುಣಿಯುವುದಿಲ್ಲ. ಹುಟ್ಟಿಸಿದವನು ರಾತ್ರಿಯನ್ನು ಇಟ್ಟದ್ದು ಕೂಡ ಅದಕ್ಕೇ ಇರಬೇಕು. ಮಣ್ಣಿಗೂ ದೈವಕ್ಕೂ ಬಿಡುವು ಉಂಟೆಂದು ತಿಳಿದವರು ತಮಗೂ ಒಂದು ದಿನ ಬರೆದಿಟ್ಟಿದೆ ಎಂದು ತಿಳಿದಿರಲಿಲ್ಲ. ತಿಳಿಸಬೇಕಾದವರು ತಿಳಿಸಲಿಲ್ಲ. ಬಾವುಟ ಪುತ್ತೂರಿನ ಮೈದಾನದಲ್ಲಿ ಏರಿತು, ಹಾರಿತು. ಅದರ ಸುದ್ದಿ ಕಾಲೊನಿಯವರೆಗೆ ನಡೆದು ಬರಲಿಲ್ಲ. ಬಂದದ್ದು ತಿಮ್ಮಕ್ಕನ ಸುದ್ದಿ.

ಆದಂ ಕುಂಞಿಯ ಬಸ್ಸು ಹೋಗಿತ್ತು. ಅವನು ತನ್ನ ಚೀಲ ಬಿಚ್ಚಿ, ಹೆಂಡತಿ ಕಟ್ಟಿಕೊಟ್ಟಿದ್ದ ಹಬ್ಬದ ತಿಂಡಿಯ ಗಂಟನ್ನು ನೆಬೀಸಳ ಮುಂದಿಟ್ಟ. ಕೈಯಿಂದ ಕೈಗೆ ಹೋಯಿತು ಅದು. ದುಗ್ಗಮ್ಮ ತೆಗೆದುಕೊಳ್ಳಲಿಲ್ಲ.

"ಉಪವಾಸ ಬಿಡು ದುಗ್ಗಮ್ಮ," ಎಂದಳು ನೆಬೀಸ. "ಇನ್ನು ಯಾರಿಗೆ ಅದು?"

"ಅಪ್ಪೆಯ ಹೆಸರಲ್ಲಿ ಹಿಡಿದದ್ದು. ಅವಳು ನನಗೆ ಸುಳ್ಳು ಹೇಳ್ಲಿಲ್ಲ."

ನೆಬೀಸ ಗಂಟನ್ನು ಪಕ್ಕದವಳಿಗೆ ದಾಟಿಸಿದಳು. ದುಗ್ಗಮ್ಮ ತಾನಾಗಿಯೇ ಕೇಳಿದಳು.

"ನೆಬೀಸ, ನಾನು ಅಂದು ಗುದ್ದಿದ್ದು ಎಲ್ಲಿಗೆ ಹೋಯಿತು?"

ಎಲ್ಲಿಗೆ ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು. ದೈವಕ್ಕೆ ಹೋಗಲಿಲ್ಲ. ದೇಶಕ್ಕೆ ಹೋಗಲಿಲ್ಲ. ಬಾಗಿಯ ಕೊನೆಯ ಗಳಿಗೆ ತಗಡಿನ ಡಬ್ಬಿಯೊಳಗೆ ಕುಳಿತು ಹಡಗು ಹತ್ತಿ ಹೋಗಿತ್ತು. ಯಾರೋ ಅದನ್ನು ತಿಂದು ಕೈ ಒರಸಿಕೊಂಡಿದ್ದರು.

ಸಂಜೆ ತಿಮ್ಮಕ್ಕ ತನ್ನ ಮನೆಯ ಜಗಲಿಯಲ್ಲಿ ಕುಳಿತು ಬೆರಳುಗಳಿಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಯಾರೋ ನಿಂತ ಹಾಗಾಯಿತು. ತಲೆ ಎತ್ತಿದಳು. ದುಗ್ಗಮ್ಮ. ಸೆರಗಿನಲ್ಲಿ ಏನೋ ಕಟ್ಟಿ ತಂದಿದ್ದಳು.

"ಎಂತ ದುಗ್ಗು? ನಾಳೆ ಬಾ, ನಾನು ಧಣಿಗಳ ಹತ್ರ ಮಾತಾಡ್ತೇನೆ. ಸಿಟ್ಟಿನಲ್ಲಿ ಹೇಳಿದ್ದು ಅವರು. ನಿನ್ನ ಕೈಯ ಹಾಗೆ ಹೋಳು ಮಾಡದೆ ಗುದ್ದುವವರು ಯಾರಿದ್ದಾರೆ?"

ದುಗ್ಗಮ್ಮ ಅಂಗಳದಿಂದ ಮೆಟ್ಟಿಲು ಹತ್ತಿದಳು. ಆ ಮನೆಯ ಮೆಟ್ಟಿಲನ್ನು ಅವಳ ಕೇರಿಯವರು ಯಾರೂ ಹತ್ತಿದ್ದಿಲ್ಲ. ಜಗಲಿಯ ಮೇಲೆ ಮೊಣಕಾಲೂರಿ ಸೆರಗಿನ ಗಂಟು ಬಿಚ್ಚಿದಳು. ಕುಚ್ಚಿಲಕ್ಕಿ. ಗುಡಿಸಲಿನ ಮಡಕೆಯಲ್ಲಿ ಇದ್ದಷ್ಟನ್ನೂ ತಂದಿದ್ದಳು. ಸಾಲದ್ದನ್ನು ನೆಬೀಸಳ ಮನೆಯಿಂದ ಇಸಿದುಕೊಂಡಿದ್ದಳು.

"ಇದೆಂತದು?"

"ಅಪ್ಪೆಯ ಬೊಜ್ಜಕ್ಕೆ ನೀವು ಕೊಟ್ಟ ಅಕ್ಕಿ."

ಬಾಗಿಯ ಉತ್ತರಕ್ರಿಯೆಯ ದಿನ ತಿಮ್ಮಕ್ಕ ಒಂದು ಸಣ್ಣ ಕುರುವೆ ತುಂಬ ಅಕ್ಕಿಯನ್ನು ಕಾಲೊನಿಗೆ ಕಳಿಸಿದ್ದಳು. ಅಂದು ಅದನ್ನು ಬೇಯಿಸಿ ಬಡಿಸುವಾಗ ದುಗ್ಗಮ್ಮ ಅವಳ ಹೆಸರು ಹೇಳಿ ಹರಸಿದ್ದಳು.

"ಅದು ಸಾಲ ಅಲ್ಲ ಮಾರಾಯ್ತಿ," ಎಂದಳು ತಿಮ್ಮಕ್ಕ. "ಪಾಪ ಕಂಡು ಕೊಟ್ಟದ್ದು ನಾನು. ಅದನ್ನು ಯಾರಾದರೂ ತಿರುಗಿ ಕೊಡ್ತಾರಾ?"

ದುಗ್ಗಮ್ಮ ಅಕ್ಕಿಯನ್ನು ಸುರಿದಳು. ಎಣ್ಣೆಯ ಗಿಂಡಿಯ ಪಕ್ಕದಲ್ಲಿ, ತಿಮ್ಮಕ್ಕನ ಮಡಿಲಿಗೆ ತಾಗುವಷ್ಟು ಹತ್ತಿರ. ತಿಮ್ಮಕ್ಕ ಹಿಂದೆ ಸರಿಯಲಿಲ್ಲ. ದುಗ್ಗಮ್ಮನ ಸೆರಗಿಗೆ ಕೆಲವು ಕಾಳು ಅಂಟಿಕೊಂಡಿದ್ದವು. ಸೀಳಿದ ಬೆರಳುಗಳಿಂದ ಅವನ್ನು ಒಂದೊಂದಾಗಿ ಬಿಡಿಸಿ ರಾಶಿಗೆ ಹಾಕಿದಳು. ನೆರಿಗೆ ಬಿಡಿಸಿ ನೋಡಿದಳು. ಅಲ್ಲಿ ಇನ್ನೊಂದು ಕಾಳು ಇತ್ತು. ಅದನ್ನೂ ತೆಗೆದು ಅಕ್ಕಿಯ ಮೇಲಿಟ್ಟು, ಎದ್ದು ಅಂಗಳಕ್ಕೆ ಇಳಿದಳು.